ಅಕ್ಕ ಹೇಳುತ್ತಿದ್ದ ರಕ್ತಪಿಶಾಚಿ ಪಿಚ್ಚರು

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋಗುವಾಗ ಸೇಬುಹಣ್ಣು ಒಯ್ಯಬೇಡಿ. ಹಿರೇಕೆರೂರಿನಲ್ಲಿ ನನ್ನ ಅಕ್ಕನ ಮನೆಯ ಫ್ರಿಜ್ಜು ತೆಗೆದರೆ ಬರೀ ಸೇಬು. ಗಂಟಲು ಆಪರೇಶನ್ ಆದವಳಿಗೆ ಎಲ್ಲರೂ ಕಚ್ಚಿ ಅಗಿಯುವ ಹಣ್ಣನ್ನೇ ತಂದುಕೊಟ್ಟಿದ್ದರು. ತರುವವರಿಗೆ ಕೈ ಖಾಲಿ ಇರಬಾರದು, ಅಷ್ಟೇ. ತಿನ್ನುವವರ ಚಿಂತೆ ಯಾರಿಗೈತಿ? ಒಯ್ಯುವುದಿದ್ದರೆ ಮೆತ್ತಗಿನ ಹತ್ತಿ ಅರಿವೆ ಒಯ್ಯಿರಿ, ತಲೆದಿಂಬು ಒಯ್ಯಿರಿ, ಉಪಯೋಗಕ್ಕೆ ಬೀಳುವಂಥದ್ದು ಒಯ್ಯಿರಿ. ಇಷ್ಟೆಲ್ಲ ಹೇಳುವ ನಾನು ಒಯ್ದದ್ದು ಒಂದು ಪಿಚ್ಚರು. ಅದರಿಂದ ಏನಾಯಿತು ಅನ್ನುವುದನ್ನು ಓದಿ, ನನ್ನ ಸಲಹೆಗೆ ಎಷ್ಟು ತೂಕ ಅಂತ ನೀವೇ ತೂಗಿ ನೋಡ್ರಿ.

ನಾನು ಶಿಗ್ಗಾಂವಿಯಲ್ಲಿದ್ದು ದನದ ದಲಾಲಿ ಮಾಡುವವನು. ಅಪ್ಪ ಗೌಂಡಿ, ಕಂಡವರ ಗೋಡೆ ಕಟ್ಟಿ ಕಟ್ಟಿ ತನ್ನ ಮನೆಗೆ ಹಿತ್ತಲ ಗೋಡೆ ಇಲ್ಲದೆ ತೀರಿಕೊಂಡ. ನನಗೆ ಬಂದ ಆಸ್ತಿ ಎಂದರೆ ಬಾಯಿ ಒಂದೇ. ಆ ಬಾಯಿಯಿಂದಲೇ ಮನೆ ಆಯಿತು, ಮಕ್ಕಳ ಮದುವೆ ಆಯಿತು. ತಡಸದ ಕಡೆಯ ಹಟಮಾರಿ ರೈತ ಸಂತೆಯಲ್ಲಿ ಹಗ್ಗ ಬಿಡದೆ ನಿಂತರೂ ಚಾ ಮುಗಿಯುವುದರೊಳಗೆ ಆ ಹಗ್ಗ ನನ್ನ ಕೈಗೆ ಬರುತ್ತಿತ್ತು. ಆದರೆ ಆ ಬಾಯಿ ನನ್ನ ಸ್ವಂತದ್ದಲ್ಲ. ಅಕ್ಕನದನ್ನು ನೋಡಿ ಬಂದದ್ದು.

ಆ ಅಕ್ಕನ ಧ್ವನಿಪೆಟ್ಟಿಗೆಯನ್ನು ತೆಗೆದುಬಿಟ್ಟರು. ಗಂಟಲಲ್ಲಿ ಗಡ್ಡೆ, ಬೇರೆ ದಾರಿ ಇರಲಿಲ್ಲ ಅಂದರು. ಈಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಅರಿವೆ. ಬ್ಯಾಟರಿಯ ಮಷೀನೊಂದನ್ನು ಕೊಟ್ಟು, ಕುತ್ತಿಗೆಗೆ ಹಚ್ಚಿಕೊಂಡು ತುಟಿ ಆಡಿಸಿದರೆ ಮಾತು ಹೊರಡುತ್ತದೆ, ರೂಢಿ ಮಾಡಬೇಕು, ಅದಕ್ಕೆ ಮನಸ್ಸು ಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಒಂದ ಸಲ ಹಚ್ಚಿದ್ಳು ನೋಡಪಾ" ಅಂದರು ಮಾವ, ಅಂದರೆ ಅಕ್ಕನ ಗಂಡ. "ಬಾಜೂ ಮನಿ ಹುಡುಗಿ ಬಂದಿತ್ತು, ಬಾ ಅಂತ ಕರದ್ಳು. ಆ ದನಿ ಕೇಳಿ ಅದು ಕಿಟಾರನ ಚೀರಿ ಓಡಿ ಹೋತು. ಅವತ್ತಿಂದ ಮಷೀನ್ ಮುಟ್ಟವಲ್ಳು. ಪಾಟಿ ಕೊಟ್ರ ಬರಿಯವಲ್ಳು. ಹೂಂ ಇಲ್ಲ, ಹಾಂ ಇಲ್ಲ. ಏನ್ ಬೇಕ ಕೇಳಿದ್ರ ಗ್ವಾಡಿ ನೋಡತಾಳ."

ನಾವು ದಲಾಲಿಗಳು ಸಂತೆಯಲ್ಲಿ ಬಾಯಿ ಬಿಡದೆಯೂ ವ್ಯವಹಾರ ಮಾಡುತ್ತೇವೆ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿ ದರ ಹೇಳುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮೊದಲ ಸಲ ಅಕ್ಕನನ್ನು ನೋಡಲು ಹೋದಾಗ ಅವಳ ಪಕ್ಕ ಕೂತು ಶಾಲಿನ ಕೆಳಗೆ ಕೈ ಹಿಡಿದೆ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದೆ. ಆಮೇಲೆ ಹೊಳೆಯಿತು, ಆ ಭಾಷೆಯಲ್ಲಿ ಇರುವುದು ಅಂಕಿ ಮಾತ್ರ. ಎಲ್ಲಿ ನೋಯುತ್ತದೆ ಎಂದು ಕೇಳುವ ಬೆರಳು ಅದರಲ್ಲಿಲ್ಲ. ಕೈ ಬಿಟ್ಟು, ಹಾನಗಲ್ ಬಸ್ಸು ಹಿಡಿದು ವಾಪಸು ಬಂದೆ.

ದಾರಿಯುದ್ದಕ್ಕೂ ಒಂದೇ ವಿಚಾರ. ಅಕ್ಕನನ್ನು ಒಂದು ಸಲ ನಗಿಸಬೇಕು. ಗೋಡೆಯಿಂದ ಮುಖ ಈ ಕಡೆ ತಿರುಗಿದರೆ ಸಾಕು, ಮಷೀನು ತಾನೇ ಹಚ್ಚಿಕೊಳ್ಳುತ್ತಾಳೆ. ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ನೆನಪಾದದ್ದು ಆ ಪಿಚ್ಚರುಗಳು.

ನಮ್ಮ ಬಾಲ್ಯ ಸವಣೂರಿನದು. ನಮ್ಮ ಓಣಿಯ ತುದಿಗೆ ಗಾದಿ ಹೊಲಿಯುವ ಚಾಚಾನ ಅಂಗಡಿ ಇತ್ತು. ಅದರ ಹಿಂದಿನ ಖೋಲಿಯಲ್ಲಿ ಒಂದು ಟಿವಿ, ಒಂದು ವಿಸಿಆರ್. ರವಿವಾರ ಮಧ್ಯಾಹ್ನ ಬಾಡಿಗೆ ಕ್ಯಾಸೆಟ್ಟು ತಂದು ಹಚ್ಚುತ್ತಿದ್ದ. ಹತ್ತಿಯ ಗಂಟುಗಳೇ ನಮ್ಮ ಕುರ್ಚಿ. ಪಿಚ್ಚರು ಮುಗಿಸಿ ಹೊರಬಂದರೆ ತಲೆಗೂದಲೆಲ್ಲ ಹತ್ತಿ. ಅವ್ವ ಬಾಗಿಲಲ್ಲೇ ನೋಡಿ, "ಬಂದ್ರ್ಯಾ ಮುದುಕ್ರು, ಕೂದ್ಲಾ ಬೆಳ್ಳಗಾಗಿ?" ಅನ್ನುತ್ತಿದ್ದಳು.

ಬರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ನಮಗೆ ಬಲು ಸೇರುತ್ತಿದ್ದದ್ದು ಇಂಗ್ಲಿಷಿನ ರಕ್ತಪಿಶಾಚಿ ಪಿಚ್ಚರುಗಳು. ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಅಕ್ಕ ಹೈಸ್ಕೂಲಿನಲ್ಲಿದ್ದಳು, ಹಾಗಾಗಿ ಅವಳಿಗೆ ಇಂಗ್ಲಿಷು ಬರುತ್ತದೆ ಎಂದು ಓಣಿಯೇ ನಂಬಿತ್ತು. ಅವಳು ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವಳು ಅನ್ನುವುದು ನಮ್ಮ ಮನೆಯ ನಾಲ್ಕು ಗೋಡೆಯೊಳಗೇ ಇತ್ತು. ಚಾಚಾ ಅವಳಿಗೆ ಮಾತ್ರ ಸ್ಟೂಲು ಹಾಕಿ ಟಿವಿಯ ಪಕ್ಕ ಕೂರಿಸುತ್ತಿದ್ದ. ಅವಳು ಕನ್ನಡದಲ್ಲಿ ಹೇಳುತ್ತ ಹೋಗುವಳು, ನಾವು ನಗುತ್ತ ಹೋಗುವೆವು.

ಅವುಗಳಲ್ಲಿ ಒಂದಂತೂ ನಮ್ಮ ಕಣ್ಮಣಿ. ಹಿಮ ಬೀಳುವ ಊರು. ಕರಿ ಕೋಟಿನವನೊಬ್ಬ ರೈಲಿನಿಂದಿಳಿದು ಒಂದು ಖಾನಾವಳಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬಾ ಅನ್ನದೆ ಒಳಗೆ ಬರುವಂತಿಲ್ಲ, ಅದು ಅವನ ಜಾತಿಯ ಕಟ್ಟಳೆ. ಖಾನಾವಳಿಯ ಒಡತಿ ಬಾ ಎಂದು ಕೈ ಮಾಡುತ್ತಾಳೆ.

"ಅಯ್ಯ ಶಿವನ, ಬರ್ರಿ ಅಂದ್ಬಿಟ್ಳಲ್ಲ!" ಎಂದು ಅಕ್ಕ ಹಣೆ ಬಡಿದುಕೊಳ್ಳುವಳು. "ಇಂವ ನಮ್ಮೂರಿಗೆ ಬಂದಿದ್ರ ಇಷ್ಟ ಹೊತ್ತ ಬಾಗಲಾಗ ನಿಂದರ್ತಿದ್ದಿಲ್ಲ. ನಾವ ದಾರ್ಯಾಗ ಹೋಗಾವ್ರಿಗೆಲ್ಲಾ ಬರ್ರಿ, ಕುಂತ್ರಿ, ಚಾ ಕುಡೀರಿ ಅಂತೇವಿ. ಸಂಜಿ ಅನ್ನೂದ್ರಾಗ ಸವಣೂರ ಖಾಲಿ!"

ಅವನು ಬಾಯಿ ತೆರೆದಾಗ ಎರಡು ಕೋರೆಹಲ್ಲು ಹೊಳೆಯುತ್ತಿದ್ದವು. ನಮ್ಮ ಕಡೆ ದನದ ವಯಸ್ಸನ್ನು ಹಲ್ಲೆಣಿಸಿ ಹೇಳುತ್ತಾರೆ. ಎರಡು ಹಲ್ಲು ಅಂದರೆ ಎಳೆಯದು, ಇನ್ನೂ ನೇಗಿಲು ಕಾಣದ್ದು. "ಏ ಅಂಜಬ್ಯಾಡ್ರಲೇ, ಎರಡ ಹಲ್ಲಿನ ಹೋರಿ ಐತಿ. ಇನ್ನೂ ಪಳಗಿಲ್ಲ" ಅನ್ನುವಳು. ಅವನ ಬಾಯಿ ಕೆಂಪಾದರೆ, "ರಕ್ತ ಅಲ್ಲ ಬಿಡ್ರಿ, ಇಲ್ಲೇ ಸವಣೂರ ಎಲಿ ಅಡಕಿ ಹಾಕ್ಕೊಂಡ ಬಂದಾನ." ಒಡತಿ ಬೆಳ್ಳುಳ್ಳಿಯ ಸರ ತೋರಿಸಿದಾಗ ಅವನು ಹಿಂದೆ ಸರಿದರೆ, "ಬಳ್ಳೊಳ್ಳಿ ಸೇರಂಗಿಲ್ಲಂತ. ಹಂಗಾರ ರೊಟ್ಟಿಗೆ ಏನ್ ಹಚ್ಚಿಗೊಂತಿಯೋ ಖೋಡಿ?" ಕನ್ನಡಿಯಲ್ಲಿ ಅವನ ಮುಖ ಕಾಣದಿದ್ದರೆ, "ಕಾಣಂಗಿಲ್ಲಂದ್ರ ಬೈತಲಿ ಇಷ್ಟ ನೆಟ್ಟಗ ಹ್ಯಾಂಗ ತಗದಾನಲೇ?" ಹತ್ತಿ ಗಂಟಿನ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದೆವು. ಗಾದಿ ಕೊಳ್ಳಲು ಬಂದ ಗಿರಾಕಿಗಳೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಆ ಪಿಚ್ಚರನ್ನೇ ಹುಡುಕಿ ಒಯ್ಯಬೇಕು ಎಂದು ಗಟ್ಟಿಮಾಡಿ ಮರುದಿನವೇ ಸವಣೂರಿಗೆ ಹೋದೆ. ಚಾಚಾ ಇದ್ದಾನೆ. ಹೊಲಿಯುವ ಕಣ್ಣಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾನೆ. ನಾನು ಹಿಮ, ಖಾನಾವಳಿ, ಕರಿ ಕೋಟು ಅನ್ನುತ್ತಿದ್ದಂತೆ ಪಿಚ್ಚರಿನ ಹೆಸರು ಹೇಳಿಬಿಟ್ಟ. ಮೊಬೈಲ್ ಅಂಗಡಿಯಿಂದ ಪೆನ್‌ಡ್ರೈವಿಗೆ ಹಾಕಿಸಿಯೂ ಕೊಟ್ಟ.

"ಯಾಕ ಬೇಕಾಗಿತ್ತೋ ಬೇಟಾ ಅದು?"

"ಅಕ್ಕಗ ತೋರ್ಸಾಕ್ರಿ. ಸ್ವಲ್ಪ ನಗಲಿ ಅಂತ."

"ನಗಾಕ?" ಚಾಚಾ ಕನ್ನಡಕ ಹಣೆಗೇರಿಸಿದ. "ಅದು ನಗೋ ಪಿಚ್ಚರ್ ಅಲ್ಲೋ. ಅಂಜಿಸೋ ಪಿಚ್ಚರ್."

"ಏ ಚಾಚಾ, ನಿಮಗ ಮರವು ಬಂದೈತ್ರಿ. ಖೋಲಿ ಹಾರಿ ಹೋಗಂಗ ನಗತಿದ್ವಿ."

"ಹೌದು, ನಗತಿದ್ರಿ" ಅಂದ ಚಾಚಾ. ಮತ್ತೇನೋ ಹೇಳಲು ಹೊರಟು ಬಿಟ್ಟುಬಿಟ್ಟ. ಎದುರಿನವನು ಮಾತು ನುಂಗಿದರೆ ಅಲ್ಲೇ ನಿಲ್ಲಬೇಕು, ನುಂಗಿದ್ದೇನು ಎಂದು ಕೇಳಬೇಕು. ಹೊಸ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠವೇ ಇದು. ಅವತ್ತು ಕೇಳಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡದೆ ದನ ಕೊಳ್ಳಬೇಡಿ ಎಂದು ಊರಿಗೆಲ್ಲ ಹೇಳುವವನು, ಪಿಚ್ಚರಿನ ಒಂದು ನಿಮಿಷವನ್ನೂ ನೋಡದೆ ಕಿಸೆಗೆ ಹಾಕಿಕೊಂಡು ಹಿರೇಕೆರೂರಿಗೆ ಹೋದೆ.

ಮಧ್ಯಾಹ್ನ ಊಟದ ಹೊತ್ತು ಮುಗಿದಿತ್ತು. ಮಾವ ಅಕ್ಕನನ್ನು ಎಬ್ಬಿಸಿ ಪಡಸಾಲೆಯ ಸೋಫಾದಲ್ಲಿ ಕೂರಿಸಿದರು. ಅವಳು ಬಂದಳು, ಬಾ ಅಂದದ್ದಕ್ಕೆ ಬಂದಳು, ಅಷ್ಟೇ. "ಅಕ್ಕಾ, ಏನ್ ತಂದೇನಿ ಹೇಳ ನೋಡೂಣು" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಹೇಳು ಅನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತದೆ ಎಂದು ಅವಳ ಮುಂದೆ ಕೂತಾಗಲೇ ತಿಳಿಯುವುದು.

ಪೆನ್‌ಡ್ರೈವು ಚುಚ್ಚಿದೆ. ಹಿಮ ಬಿತ್ತು. ರೈಲು ಬಂತು. ಅಕ್ಕನ ಕಣ್ಣು ಟಿವಿಗೆ ಹೋಯಿತು. ಗುರುತು ಹಿಡಿದಳು! "ಬಂದ ನೋಡ, ನಿನ್ನ ಹೋರಿ" ಅಂದೆ.

ಆಮೇಲೆ ನಾನು ನಗೆ ಬರುವ ಜಾಗಕ್ಕಾಗಿ ಕಾಯತೊಡಗಿದೆ. ಖಾನಾವಳಿಯ ಒಡತಿ ಬಂದಳು. ಅಕ್ಕನ ಮಾತಿನಲ್ಲಿ ಅವಳು ಊರ ಚಾಡಿ ಹೇಳುವ ಹೆಂಗಸು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಾಯಿ ಬಾಯಿ ಬಡಿದುಕೊಳ್ಳುವವಳು. ಈಗ ನೋಡಿದರೆ ಅವಳ ಮುಂದೆ ಒಂದು ಸಣ್ಣ ಹಾಸಿಗೆ ಇತ್ತು, ಖಾಲಿ. ಅದರ ಮೇಲೆ ಮಗುವಿನ ಅಂಗಿ ಮಡಿಸಿಟ್ಟಿತ್ತು. ಅವಳು ಅಳುತ್ತಿದ್ದದ್ದು ಅದಕ್ಕೆ. ಕರಿ ಕೋಟಿನವನಿಗೆ ಬಾ ಅಂದದ್ದೂ ಬುದ್ಧಿ ಇಲ್ಲದೆ ಅಲ್ಲ, ಮನೆಯಲ್ಲಿ ಯಾರಾದರೊಬ್ಬರು ಇರಲಿ ಎಂದು. ಇಂಗ್ಲಿಷು ನನಗೆ ಇವತ್ತಿಗೂ ಬರುವುದಿಲ್ಲ. ಅವಳ ಮುಖ ನೋಡಿದರೆ ಸಾಕಿತ್ತು. ಇದೇ ಮುಖ ನೋಡಿ ನಾವು ಹತ್ತಿಯಲ್ಲಿ ಹೊರಳಾಡಿದ್ದೆವು.

ಪಿಚ್ಚರಿನಲ್ಲಿ ನಗು ಎಲ್ಲಿಯೂ ಇರಲಿಲ್ಲ. ಇದ್ದದ್ದು ಅಕ್ಕನ ಸ್ಟೂಲಿನ ಮೇಲೆ. ಆ ನಗುವನ್ನೇ ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು, ನಾನು ಉಳಿದದ್ದನ್ನು ತಂದು ಅವಳ ಮುಂದೆ ಹಚ್ಚಿದ್ದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕರಿ ಕೋಟಿನವನು ಒಡತಿಯ ಹಿರಿಮಗಳ ಹಿಂದೆ ಬಂದು ನಿಂತ. ಅವಳ ಕುತ್ತಿಗೆಯ ಅರಿವೆಯನ್ನು ಎರಡು ಬೆರಳಲ್ಲಿ ಸರಿಸಿದ. ಆಗ ನನಗೆ ಎಚ್ಚರವಾಯಿತು. ಕುತ್ತಿಗೆ ಕೊಯ್ಸಿಕೊಂಡು ಬಂದವಳಿಗೆ ನಾನು ಕುತ್ತಿಗೆ ಕಚ್ಚುವ ಪಿಚ್ಚರು ತಂದಿದ್ದೆ! ಸೇಬು ತಂದವರು ನನಗಿಂತ ಎಷ್ಟೋ ವಾಸಿ. ರಿಮೋಟಿಗಾಗಿ ತಡಕಾಡಿದೆ. ಸೋಫಾದ ಮೇಲಿಲ್ಲ, ಟೀಪಾಯಿಯ ಮೇಲಿಲ್ಲ.

ಅದು ಅಕ್ಕನ ಕೈಯಲ್ಲಿತ್ತು. ಅವಳ ಇನ್ನೊಂದು ಕೈ ತನ್ನ ಕುತ್ತಿಗೆಯ ಬಿಳಿ ಅರಿವೆಯ ಮೇಲಿತ್ತು.

"ಬಂದ್ ಮಾಡವಾ ಅಕ್ಕಾ, ಬ್ಯಾಡ, ಬಂದ್ ಮಾಡ."

ಅವಳು ಬಂದ್ ಮಾಡಲಿಲ್ಲ. ಟಿವಿಯ ದನಿ ಮಾತ್ರ ತೆಗೆದುಹಾಕಿದಳು. ಹುಡುಗಿಯ ಕೂಗು ನಡುವೆಯೇ ನಿಂತಿತು. ಟಿವಿಯೊಳಗೆ ಎಲ್ಲರೂ ಬಾಯಿ ತೆರೆದು ಮುಚ್ಚತೊಡಗಿದರು. ಅಕ್ಕ ನನ್ನ ಕಡೆ ತಿರುಗಿ, ಗದ್ದ ಎತ್ತಿ, ಹೇಳು ಎನ್ನುವಂತೆ ನೋಡಿದಳು.

"ನಾನಾ?"

ನನ್ನ ಮೊಣಕಾಲಿಗೆ ಅಕ್ಕನ ಒಂದು ಏಟು ಬಿತ್ತು.

ನಾನು ಬಾಯಿ ಮಾರಿ ಬದುಕಿದವನು. ಕುಂಟು ಎತ್ತನ್ನು ಗಾಂಭೀರ್ಯದಿಂದ ನಡೆಯುತ್ತದೆ ಎಂದು ಒಪ್ಪಿಸಿದವನು. "ಎರಡ ಹಲ್ಲಿನ ಹೋರಿ ಐತಿ" ಅಂದೆ. ಅಕ್ಕ ನೋಡುತ್ತಲೇ ಇದ್ದಳು, ನಗಲಿಲ್ಲ. "ಎಲಿ ಅಡಕಿ ಹಾಕ್ಯಾನ, ಅದಕ್ಕ ಬಾಯಿ ಕೆಂಪ" ಅಂದೆ. ನಿನ್ನೆಯ ಚಾ ಕಾಸಿ ಕೊಟ್ಟಂತೆ ನನಗೇ ಅನ್ನಿಸಿತು. ಅವಳು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. ಅಲ್ಲ, ಹಂಗಲ್ಲ.

ಆಮೇಲೆ ಹಾಸ್ಯ ಬಿಟ್ಟೆ. ಕಂಡದ್ದನ್ನೇ ಹೇಳಿದೆ. "ಈಗ ಬಾಗಲಾ ಹಾಕ್ಯಾರ. ಈಗ ದೀಪಾ ತಂದ್ರ. ಒಬ್ಬಾಂವ ಬಿಳಿ ಗಡ್ಡದಾಂವ ಬಂದಾನ, ಡಾಕ್ಟರ್ ಇರಬೇಕ." ಸುಮ್ಮನಾದರೆ ಮೊಣಕಾಲಿಗೆ ಏಟು. "ಹುಡುಗಿ ಅವ್ವ ಏನೋ ಕೇಳಾಕತ್ತಾಳ." ಏಟು. "ಮಗಳು ಉಳಿತಾಳೋ ಇಲ್ಲೋ ಅಂತ ಕೇಳಾಕತ್ತಾಳ." ಮತ್ತೆ ಏಟು. "ಡಾಕ್ಟರ್ ಏನೂ ಹೇಳವಲ್ಲ ಅಕ್ಕಾ. ಕೈ ತೊಳಕೊಳಾಕತ್ತಾನ."

ಅಕ್ಕ ಆ ಡಾಕ್ಟರನ್ನೇ ದಿಟ್ಟಿಸುತ್ತಿದ್ದಳು. ನಾನು ಕಡೆಯ ತನಕ ಹೇಳಿದೆ, ಹೇಗೋ ಹೇಳಿದೆ. ಅವಳು ಒಂದು ಸಲವೂ ನಗಲಿಲ್ಲ. ಗೋಡೆಯನ್ನೂ ನೋಡಲಿಲ್ಲ.

ಪರದೆ ಕಪ್ಪಾದಾಗ ಮಾವ ಚಾ ತಂದರು. "ಏನಂತಪಾ ಕಥಿ? ನಕ್ಕಳಾ?"

"ಇಲ್ರಿ ಮಾವ. ನನ್ನ ಕೈಲಿ ಆಗಲಿಲ್ಲ. ಬಸ್ಸಿನ ಹೊತ್ತಾತು, ಬರ್ತೇನಿ" ಎಂದು ಏಳಹೋದೆ. ಅಕ್ಕ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು. ಶಾಲೆಯಲ್ಲಿ ಪಾಠ ಒಪ್ಪಿಸಲು ಬಾರದವನನ್ನು ನೋಡುವಂತೆ ನೋಡಿ, ರಿಮೋಟು ಒತ್ತಿ ಪಿಚ್ಚರನ್ನು ಮತ್ತೆ ಮೊದಲಿನಿಂದ ಹಚ್ಚಿದಳು.

ಸದ್ದಿಲ್ಲದೆ ಹಿಮ ಬಿತ್ತು. ಸದ್ದಿಲ್ಲದೆ ರೈಲು ಬಂತು. ಮೊಣಕಾಲಿಗೆ ಏಟು.

ಗಂಟಲು ಸರಿಮಾಡಿಕೊಂಡೆ. ಆ ಸಪ್ಪಳಕ್ಕೆ ನನಗೇ ನಾಚಿಕೆಯಾಯಿತು.

"ಒಂದ ಊರಾಗ" ಅಂದೆ. ಅಕ್ಕ ಕಾಯುತ್ತಿದ್ದಳು. ಏಟು ಬೀಳುವ ಮೊದಲೇ, "ಹಿಮಾ ಬೀಳಾಕತ್ತಿತ್ತು" ಅಂದೆ.