ಸೌಟಣ್ಣ ಕೊಟ್ಟ ಆರು ಮಾತ್ರೆ

ಸರಕು ಗೋದಾಮಿನಲ್ಲಿ ಕಳ್ಳಮಾಲು ಮೂಸಿ ಹಿಡಿಯುವ ಆರು ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಸೌಟಣ್ಣ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಆರು ತಿಂಗಳಿಗೊಮ್ಮೆ ರೋಗ ತಪಾಸಣೆ. ಅದಕ್ಕೆ ನಾಯಿಯ ಮೂತ್ರ ಬೇಕು. ಉದ್ದ ಹಿಡಿಯ ಸೌಟು ಹಿಡಿದು ಹಿಂದೆ ಬಿದ್ದನೆಂದರೆ, ನಾಯಿ ಭೂಮಿಗೆ ಮೂರು ಸುತ್ತು ಹಾಕಿದರೂ ಒಂದು ಹನಿ ನೆಲಕ್ಕೆ ಬೀಳುತ್ತಿರಲಿಲ್ಲ.

ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತದ್ದನ್ನು ಗೋಡೆಯ ಹಲ್ಲಿಯೂ ಕಂಡಿಲ್ಲ. ದಿನದ ಮಾತನ್ನೆಲ್ಲ ಗಂಟುಕಟ್ಟಿ ತಂದು ಅವನು ಬಿಚ್ಚುತ್ತಿದ್ದದ್ದು ಸಾಹೇಬ ಎಂಬ ಮುದಿ ಕಂದು ನಾಯಿಯ ಮುಂದೆ. ಸಾಹೇಬ ಆಕಳಿಸುತ್ತಿದ್ದ, ಎದ್ದು ಹೋಗುತ್ತಿರಲಿಲ್ಲ. ಅಷ್ಟು ಮರ್ಯಾದೆ ಸೌಟಣ್ಣನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಈ ಸಲದ ತಪಾಸಣೆಗೆ ನಾಲ್ಕು ದಿನ ಇರುವಾಗ ಸಾಹೇಬ ಅನ್ನ ಬಿಟ್ಟ. ಮೈ ಕೆಂಡ. ಗೋದಾಮಿನ ಇಲಿಗಳೋ, ಬೆಕ್ಕನ್ನೇ ಅಟ್ಟಿಸಿಕೊಂಡು ಹೋಗುವಂಥವು. ಅವು ಉಚ್ಚೆ ಹೊಯ್ದ ನೀರನ್ನು ನಾಯಿ ನೆಕ್ಕಿತ್ತು. ಇಲಿಜ್ವರ ಅಂತ ಸೌಟಣ್ಣನಿಗೆ ಅನುಮಾನ ಬಂತು. ಗೊತ್ತಾದರೆ ಬೇಲಿಯಾಚೆಯ ಒಂಟಿ ಗೂಡು. ಈ ವಯಸ್ಸಿಗೆ ಕೆಲಸಕ್ಕೆ ವಾಪಸ್ಸು ಬರುವುದೂ ಕಷ್ಟ. ಹಿಂದೊಮ್ಮೆ ಬೇರೆ ನಾಯಿಗೆ ತಂದು ಕಪಾಟಿನಲ್ಲಿ ಉಳಿದಿದ್ದ, ರೋಗಾಣು ಕೊಲ್ಲುವ ಆರು ಮಾತ್ರೆಗಳನ್ನು ಬೇಯಿಸಿದ ಮೊಟ್ಟೆಯೊಳಗೆ ಅಡಗಿಸಿ ತಿನ್ನಿಸಿಬಿಟ್ಟ.

ತಪಾಸಣೆಯಲ್ಲಿ ಏನೂ ಸಿಗಲಿಲ್ಲ.

"ನಿಮ್ಮ ಸಾಹೇಬ ನನಗಿಂತ ಗಟ್ಟಿ ಇದ್ದಾನೆ" ಎಂದರು ಡಾಕ್ಟರಮ್ಮ. "ತಪಾಸಣೆಗೆ ಅಂತ ಬೇರೆ ಬೇರೆ ಕಟ್ಟಿದ್ದು ಸಾಕು, ನಾಳೆಯಿಂದ ಆರನ್ನೂ ಒಟ್ಟಿಗೆ ಬಿಡಿ, ಸೌಟಣ್ಣ."

ಅಂಗಳದಲ್ಲಿ ಆರು ನಾಯಿಗೂ ಒಂದೇ ನೀರಿನ ತೊಟ್ಟಿ. ಸೌಟಣ್ಣ ಅದನ್ನೇ ನೋಡುತ್ತ ನಿಂತ.

"ಮಾತ್ರೆ ಕೊಟ್ಟಿದ್ದೆ, ಡಾಕ್ಟರಮ್ಮ. ಆರು."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಈ ಕಾಗದ ಒಲೆಗೆ ಹಾಕ್ಬೇಕು. ಅರ್ಧಂಬರ್ಧ ಔಷಧಿಗೆ ರೋಗಾಣು ಸಾಯಲ್ಲ, ಅಡಗಿ ಕೂರತ್ತೆ ಅಷ್ಟೇ. ಕೈಗವಸು ಹಾಕ್ಕೋತಿದ್ರಾ?"

"ಕೈಗವಸು ಹಾಕಿದ್ರೆ ಸಾಹೇಬ ಮುನಿಸ್ಕೋತಾನೆ."

"ನಿಮ್ಮ ರಕ್ತಾನೂ ಕೊಡಿ."

ಸೌಟಣ್ಣನ ರಕ್ತದಲ್ಲಿ ಏನೂ ಇರಲಿಲ್ಲ. ಮೂರು ವಾರದ ಮೇಲೆ ಸಾಹೇಬನ ಮೂತ್ರವನ್ನು ಮತ್ತೆ ಪರೀಕ್ಷಿಸಿದಾಗ ರೋಗಾಣು ಸಿಕ್ಕಿತು. ಉಳಿದ ಐದೂ ಕ್ಷೇಮ. ಸಾಹೇಬನ ಕೆಲಸ ಅಲ್ಲಿಗೆ ಮುಗಿಯಿತು. ಚಿಕಿತ್ಸೆ ಮುಗಿಯುವತನಕ ಡಾಕ್ಟರಮ್ಮನ ಕಡೆಯವರು ಬಿಟ್ಟು ಯಾರೂ ಗೂಡಿನ ಹತ್ತಿರ ಹೋಗುವಂತಿಲ್ಲ.

ಸೌಟಣ್ಣ ಕೋಣೆಯ ಆ ಒಂದು ಕುರ್ಚಿಯನ್ನು ಹೊತ್ತು ತಂದು ಬೇಲಿಯಿಂದ ಹತ್ತು ಮಾರು ದೂರ ಹಾಕಿಕೊಂಡಿದ್ದಾನೆ. ಅಲ್ಲಿಂದ ಕೂಗಿ ಹೇಳಬೇಕಾದ್ದರಿಂದ ಅವನ ನಲ್ಲಿ ಸೋರುವುದು, ಮೊಣಕಾಲು ಹಿಡಿಯುವುದು ಈಗ ಇಡೀ ಬೀದಿಗೆ ಬಾಯಿಪಾಠ. ಅವನ ಮೈವಾಸನೆ ಹೊತ್ತು ಗಾಳಿ ಅತ್ತ ಬೀಸಿದಾಗ ಸಾಹೇಬ ಮೂಗೆತ್ತುತ್ತಾನೆ. ಆಗ ಸೌಟಣ್ಣ ಮಾತು ನಿಲ್ಲಿಸುತ್ತಾನೆ.