ಕೋಲು ಊರಲು ಬಾರದ ಅಜ್ಜಿ

ಮೊನ್ನೆ ಕುರಿಗೆ ಔಷಧಿ ತರಲು ಅಜ್ಜಿಯ ಜೊತೆ ಚಳ್ಳಕೆರೆಗೆ ಹೋಗಿದ್ದೆ. ಟೀ ಅಂಗಡಿಯ ಟೀವಿಯಲ್ಲಿ ಯಾರೋ ಮುದುಕಿ ಕೆಮ್ಮಿದಳು. ಸಿನಿಮಾದ ಮುದುಕಿಯರನ್ನು ನೀವೂ ನೋಡಿದ್ದೀರಿ. ಕೆಮ್ಮುತ್ತಾರೆ, ಮಗನ ಫೋಟೊ ಹಿಡಿದು ಅಳುತ್ತಾರೆ, ಇಂಟರ್ವಲ್ ಹೊತ್ತಿಗೆ ಸಾಯುತ್ತಾರೆ. ಬೇರೆ ಕೆಲಸವೇ ಇಲ್ಲ.

ನಮ್ಮಜ್ಜಿಗೆ ಸಾಯಲು ಪುರಸೊತ್ತಿಲ್ಲ. ಕುರಿ ಇವೆ.

ಕೆಲವು ವರ್ಷಗಳ ಹಿಂದೆ, ಕುದಾಪುರದ ಕಡೆ ಇನ್ನೂ ಯಾರೂ ಬೇಲಿ ಹಾಕದೆ ಉಳಿದ ಹುಲ್ಲುಗಾವಲಿಗೆ ಸಿನಿಮಾದವರು ಬಂದಿದ್ದರು. ಅವರಿಗೊಬ್ಬ ಮುದುಕಿ ಬೇಕಿತ್ತು. ಅಜ್ಜಿಯನ್ನು ಆರಿಸಿದರು. ಟಾಕೀಸಿನ ಪರದೆಯ ಮೇಲೆ ತನ್ನನ್ನು ತಾನು ನೋಡಬೇಕು ಅಂತ ಅವಳಿಗೆ ಆಸೆ. ಕೆಂಪು ಮೊಳಕಾಲ್ಮುರು ಸೀರೆ ಉಟ್ಟು ಹೋದಳು. ನಾನಂತೂ ಹಟ್ಟಿಗೆಲ್ಲ ಸಾರಿಬಿಟ್ಟಿದ್ದೆ, ನಾನೇ ಹೀರೋ ಅನ್ನುವ ಹಾಗೆ.

ಅವರು ಹರಕು ಬಿಳಿ ಸೀರೆ ಕೊಟ್ಟರು. ಉಟ್ಟಳು. ಆಮೇಲೆ ಡೈರೆಕ್ಟರು ಒಂದು ಕೋಲು ಕೊಟ್ಟು, "ಊರಿಕೊಂಡು ಬಗ್ಗಿ ನಡೀರಮ್ಮ" ಅಂದರು.

ಅಜ್ಜಿ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಕೈ ಅದಕ್ಕೆ ನೇತುಹಾಕಿ ಸರಸರ ನಡೆದಳು. ಕುರಿ ಕಾಯುವವರು ಕೋಲು ಹಿಡಿಯುವುದೇ ಹಾಗೆ.

"ಹಾಗಲ್ಲಮ್ಮ. ವಯಸ್ಸಾದವರ ಥರ ನಡೀರಿ."

"ವಯಸ್ಸಾಗೈತಲ್ಲಪ್ಪ. ಇನ್ನೆಷ್ಟಾಗ್ಬೇಕು?"

ಮತ್ತೆ ಮತ್ತೆ ನಡೆಸಿದರು. ಸ್ವಲ್ಪ ದೂರ ಬಗ್ಗುತ್ತಾಳೆ, ಆಮೇಲೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಕೊನೆಗೆ ಮೇಕಪ್ ಮಾಡುವ ಹುಡುಗಿಯನ್ನೇ ಕರೆದು, ಕೂದಲಿಗೆ ಬಿಳಿ ಬಳಿದು ನಿಲ್ಲಿಸಿದರು. ಆ ಹುಡುಗಿ ಚೆನ್ನಾಗಿ ಬಗ್ಗಿದಳು.

ಅಜ್ಜಿ ಬಿಳಿ ಸೀರೆ ಮಡಚಿ ಕೊಟ್ಟು, ತನ್ನ ಕೆಂಪು ಸೀರೆಯಲ್ಲೇ, ಅಲ್ಲೇ ಮೇಯುತ್ತಿದ್ದ ನಮ್ಮ ಕುರಿ ಹೊಡೆದುಕೊಂಡು ಹೊರಟಳು. ಸಂಜೆ ಒಂದೇ ಮಾತು ಅಂದಳು: "ನನ್ ವಯಸ್ಸು ನನಗೇ ಮಾಡಾಕ್ ಬರಲ್ಲಂತೆ ನೋಡು."

ಮೊನ್ನೆ ಟೀವಿಯಲ್ಲಿ ಬಂದದ್ದು ಅದೇ ಸಿನಿಮಾ. ಕೆಮ್ಮುತ್ತಿದ್ದವಳು ಅದೇ ಹುಡುಗಿ.

"ಪಾಪ, ಮುದುಕಿ" ಅಂದ ಅಂಗಡಿಯವನು.

ಚಾನೆಲ್ ಬದಲಿಸು ಅನ್ನೋಣ ಅಂತ ಎದ್ದೆ. ಅಜ್ಜಿ ಕೈ ಹಿಡಿದು ಕೂರಿಸಿದಳು. "ಇರು, ಹಿಂದ್ಗಡೆ ನೋಡು. ನಮ್ ಕರಿ ಟಗರು."

ಕೆಮ್ಮುವವಳ ಹಿಂದೆ, ದೂರದಲ್ಲಿ, ಕುರಿ ಹಿಂಡು. ಅದರ ಹಿಂದೆ ಕೆಂಪು ಸೀರೆಯ ಒಬ್ಬಳು, ಹೆಗಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ನೆಟ್ಟಗೆ ಹೋಗುತ್ತಿದ್ದಳು.

"ಅಜ್ಜಿ, ಅದು ನೀನು" ಅಂದೆ.

"ಮತ್ತೆ ನನ್ ಕುರಿ ಬ್ಯಾರೆ ಯಾರು ಹೊಡೀತಾರೆ?" ಅಂದು ಅಂಗಡಿಯವನ ಕಡೆ ತಿರುಗಿದಳು. "ಆ ಕೆಮ್ಮು ಒಂದು ನಿಲ್ಸಪ್ಪ."

ಅವನು ಸೌಂಡು ಬಂದ್ ಮಾಡಿದ. ಕೆಂಪು ಸೀರೆ ಪರದೆ ದಾಟಿ ಹೋಗುವ ತನಕ ನಾವು ಮೂವರೂ ನೋಡಿದೆವು.