ಪ್ರಾರ್ಥನೆಯ ನಡುವೆ ಹೊಲಿದ ಕಥೆ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಸವಣೂರಿನ ಓಣಿಯೊಂದರ ಕೊನೆಮನೆಯಲ್ಲಿ ದಾನವ್ವ ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ತಿರುವುತ್ತಿದ್ದಾರೆ. ಪುಸ್ತಕಕ್ಕೆ ಹುಳ ಬೀಳಬಾರದಲ್ಲ. ಮೂಲೆಯಲ್ಲಿ ಬೀಸುಕಲ್ಲಿನಡಿ ಒತ್ತಿಟ್ಟ ಪುಸ್ತಕಗಳು, ಹಾಳೆ ಕೂರುತ್ತ ಕೂರುತ್ತ, ಯಾರೋ ಉಸಿರು ಬಿಟ್ಟಂತೆ ಸದ್ದು ಮಾಡುತ್ತವೆ.

ರಟ್ಟಿನ ಹೊರೆ ತಂದ ಖಾದರಸಾಬ ಆ ಸದ್ದಿಗೆ ಅಂಜಿ ಹೊಸ್ತಿಲು ದಾಟುವುದಿಲ್ಲ.

“ಒಳಗ ಯಾರದಾರವ್ವಾ?”

“ಪುಸ್ತಕ ಅದಾವು. ಬಾ ಅಣ್ಣಾ.”

“ನಾ ಇಲ್ಲೇ ಬರೋಬರಿ ಅದೇನಿ!”

ಪುಸ್ತಕ ಕಟ್ಟುವುದು ಗಂಡ ಕಲಿಸಿ ಹೋದ ಕೆಲಸ. ಶಿಗ್ಗಾವಿಯ ಶಾಲೆಗಳ ಹರಿದ ಪಠ್ಯ, ಹಾನಗಲ್ಲಿನ ವಕೀಲರ ದಪ್ಪ ಗ್ರಂಥ, ಎಲ್ಲಕ್ಕೂ ಬೆನ್ನು ಹೊಲಿಯುವುದು ಈ ಕೈಗಳೇ. ದಿನಕ್ಕೆ ಎಂಟೋ ಹತ್ತೋ. ಕಣ್ಣು ಒಪ್ಪಿದರೆ ಇನ್ನೆರಡು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಜ್ವರ ಬಂದು ಒಬ್ಬಳೇ ಮಗಳು ಹೋದಳು. ಆಮೇಲೂ ದಾನವ್ವ ಚರ್ಚು ತಪ್ಪಿಸಲಿಲ್ಲ. ಪ್ರಾರ್ಥನೆಗೆ ಮಾತ್ರ ತುಟಿ ಬಿಚ್ಚಲಿಲ್ಲ. “ಬಾಯಿ ತೆರದ್ರ ದೇವರನ್ನ ಬೈತೇನಿ ಅಂತ ಅಂಜಿಕಿ. ಬೈದ್ರ ಅಲ್ಲಿ ನನ್ನ ಕೂಸಿಗೆ ಏನರ ಮಾಡ್ಯಾನು ಅಂತ ಇನ್ನೂ ಅಂಜಿಕಿರಿ.”

ಎಂಬತ್ತರ ಕ್ರಿಸ್‌ಮಸ್ ಮುಂದೆ ಚರ್ಚಿನ ಪ್ರಾರ್ಥನಾ ಪುಸ್ತಕಗಳೂ ಒಂದು ಕ್ರೈಸ್ತ ಕಾದಂಬರಿಯೂ ಒಟ್ಟಿಗೇ ಹೊಲಿಗೆಗೆ ಬಂದವು. ಅಳತೆ ಒಂದೇ, ಅಚ್ಚೂ ಒಂದೇ ಬಗೆಯದು. ಕಾದಂಬರಿಯ ಒಂದು ಕಂತೆ ಹಾಳೆಯಲ್ಲಿ, ಮಗು ಸತ್ತ ತಾಯೊಬ್ಬಳು ಖಾಲಿ ಚರ್ಚಿನಲ್ಲಿ ದೇವರ ಮೇಲೆ ಹರಿಹಾಯುತ್ತಾಳೆ. ಬೈದು ಬೈದು ಅಲ್ಲೇ ನಿದ್ದೆ ಹೋಗುತ್ತಾಳೆ. ಎದ್ದಾಗ ಮೈಮೇಲೆ ಕಂಬಳಿ ಇರುತ್ತದೆ.

“ಸಿಡ್ಲು ಬಡೀಲಿಲ್ರಿ ಆಕಿಗೆ! ಕಂಬಳಿ ಹೊಚ್ಚಿದ್ರು. ಯಾರು ಅಂತ ಬರದಿಲ್ಲ.”

ಮತ್ತೊಮ್ಮೆ ಓದಲೆಂದು ದಾನವ್ವ ಆ ಕಂತೆಯನ್ನು ಪ್ರಾರ್ಥನಾ ಪುಸ್ತಕದ ಹಾಳೆಗಳ ಮೇಲಿಟ್ಟರು. ಬೆಳಗಿನ ಅವಸರದಲ್ಲಿ ಅದೂ ಸೇರಿ ಹೊಲಿಗೆ ಬಿತ್ತು.

ಕ್ರಿಸ್‌ಮಸ್ ನಸುಕು. ಕರೆಂಟಿಲ್ಲ. ಪ್ರಾರ್ಥನೆ ಓದುವ ಸರದಿ ಮುಪ್ಪಿನ ಸುಶೀಲವ್ವನದು. ಕಂದೀಲಿನ ಬೆಳಕಲ್ಲಿ ಒಂದೇ ರಾಗದಲ್ಲಿ ಓದುತ್ತ ಆಕೆ ಹಾಳೆ ತಿರುವಿದರು.

“ನನ್ನ ಕೂಸು ನೀರು ಕೇಳಿದಾಗ ನೀನು ಎಲ್ಲಿದ್ದೆ?”

ಓದುವವರು ನಿಲ್ಲಿಸಿದಲ್ಲೆಲ್ಲ ಸಭೆ ಮಾರುತ್ತರ ಹೇಳುವುದು ರೂಢಿ. ಕತ್ತಲೊಳಗಿಂದ ಎಲ್ಲರೂ ಅಂದರು: “ಕರ್ತನೇ, ನಮ್ಮ ಮೊರೆ ಕೇಳು.”

“ನಿನಗೆ ಕಿವಿಗಳಿದ್ದರೆ ಅವು ಯಾರ ಕಡೆಗಿವೆ?”

“ಕರ್ತನೇ, ನಮ್ಮ ಮೊರೆ ಕೇಳು.”

ಯಾರೂ ತಡೆಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ದಾನವ್ವನಿಗೆ ಕಾದಂಬರಿಯ ಆ ಕಂತೆಯ ಗುರುತು ಹತ್ತಿತು. ಮತ್ತೆ ಸಭೆ ಮೊರೆಯಿಟ್ಟಾಗ ಒಂದು ದನಿ ಎಲ್ಲರಿಗಿಂತ ಜೋರಾಗಿ, ಒಡೆದುಕೊಂಡು ಎದ್ದಿತು. ಯಾರದೆಂದು ದಾನವ್ವ ಹಿಂತಿರುಗಿ ನೋಡಿದರು. ಅಲ್ಲಿ ಗೋಡೆ ಮಾತ್ರ ಇತ್ತು. ದನಿ ಅವರದೇ.

ಮರುದಿನ ಸಭಾಪಾಲಕರು ಮನೆಗೆ ಬಂದರು. ಬೆನ್ನಿಗೇ ಸುಶೀಲವ್ವ.

“ಆ ಕಂತಿ ಕಿತ್ತು ಹಾಕು, ದಾನವ್ವಾ.”

“ಪುಸ್ತಕ ಕೊಡ್ರಿ ಅಯ್ಯಾರ, ಕೀಳ್ತೇನಿ.”

ಪುಸ್ತಕ ಸುಶೀಲವ್ವನ ಸೆರಗಿನಡಿ ಇತ್ತು. “ಕೊಡಂಗಿಲ್ಲ. ಗಂಡ ಸತ್ತಾಗಿಂದ ಇದನ್ನ ಹುಡಕಾಕತ್ತಿದ್ದೆ. ನನ್ನ ಕೂಡನ ಮಣ್ಣಿಗೆ ಹಾಕ್ರಿ.”

“ಹಂಗಾರ ಕಾದಂಬರಿ ಓದಾವ್ರಿಗೆ ನಡುವಿನ ಕತಿ ಏನಂತ ಹೇಳ್ಲಿ?” ಅಂದರು ದಾನವ್ವ.

“ಪ್ರಾರ್ಥನಾಕ್ಕ ಬರ್ರಿ ಅಂತ ಹೇಳ್ರಿ!”

ಸಭಾಪಾಲಕರು ಪುಸ್ತಕವನ್ನು ಸುಶೀಲವ್ವನ ಸೆರಗಿನಡಿಯೇ ಬಿಟ್ಟು ಹೊರಟುಹೋದರು.

ಈಗ ಸೂಜಿ ಹಿಡಿದರೆ ಸಾಕು, ದಾನವ್ವ ದೇವರೊಡನೆ ಜಗಳಕ್ಕೆ ಇಳಿಯುತ್ತಾರೆ. ಕೇಳಿಸಿಕೊಂಡ ಓಣಿಯವರು ಹೆಜ್ಜೆ ಬಿರುಸು ಮಾಡುತ್ತಾರೆ. ಉತ್ತರ ಬಂದಿದೆಯೇ ಎಂದರೆ, ದಾರಕ್ಕೆ ಮೇಣ ಎಳೆಯುತ್ತ ನಗುತ್ತಾರೆ.

“ಉತ್ತರ ಯಾರಿಗೆ ಬೇಕಾಗೇತ್ರಿ? ನಾ ಮಾತು ಮುಗಸೂತನಕ ಅಂವ ಎದ್ದು ಹೋಗಬಾರ್ದು. ಅಷ್ಟ.”